ವಾರ ತಪ್ಪಿದ ಕರಪತ್ರ

ಬಡಾವಣೆಯೊಂದರ ಸಮುದಾಯ ಭವನದಲ್ಲಿ ಕಾರ್ಯಕ್ರಮಗಳ ಸಂಯೋಜಕಿಯಾಗಿ ಕೆಲಸ ಮಾಡುತ್ತಿದ್ದೇನೆ. ಉಳಿದ ತಿಂಗಳುಗಳಲ್ಲಿ ವಾರಕ್ಕೊಂದು ಕಾರ್ಯಕ್ರಮ ನಡೆದರೆ ಹೆಚ್ಚು. ವಸಂತ ಬಂತೆಂದರೆ ಮಾತ್ರ ಸಸಿ ವಿತರಣೆ, ಹಕ್ಕಿ ವೀಕ್ಷಣೆ, ಹಳೆಯ ಪುಸ್ತಕಗಳ ವಿನಿಮಯ, ಉದ್ಯಾನದ ಸ್ವಚ್ಛತೆ, ಮಕ್ಕಳ ಚಿತ್ರಕಲಾ ಶಿಬಿರ, ಕೆಟ್ಟುಹೋದ ಸಾಮಾನುಗಳನ್ನು ಕೂತಲ್ಲೇ ರಿಪೇರಿ ಮಾಡಿಕೊಡುವ ಕೂಟ ಎಂದು ಒಂದರ ಹಿಂದೊಂದು ಅರ್ಜಿ ಬರುತ್ತವೆ. ಇವೆಲ್ಲವನ್ನೂ ಒಂದೇ ಕರಪತ್ರದಲ್ಲಿ ಅಚ್ಚು ಹಾಕಿಸಿ ಮನೆಮನೆಗೆ ತಲುಪಿಸುವುದು ನನ್ನ ಹೊಣೆ. 2024ರ ಕರಪತ್ರದಲ್ಲಿ ನಾನು ಮಾಡಿದ ಒಂದು ತಪ್ಪನ್ನು, ಇಂಥದೇ ಕೆಲಸ ಮಾಡುವವರಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಸಮಯ ಉಳಿಸುವ ಆಸೆಯಿಂದ ನಾನು ಹಿಂದಿನ ವರ್ಷದ ಕಡತವನ್ನೇ ತೆರೆದು, ಇಸವಿಯನ್ನು ತಿದ್ದಿ, ಹೊಸ ಕಾರ್ಯಕ್ರಮಗಳನ್ನು ಸೇರಿಸಿದ್ದೆ. ‘ಏಪ್ರಿಲ್ 22, ಶನಿವಾರ, ಬೆಳಿಗ್ಗೆ 7 ಗಂಟೆ: ಭೂಮಿ ದಿನದ ಸಸಿ ವಿತರಣೆ’ ಎಂಬ ಸಾಲು ಅದರಲ್ಲಿ ಹಾಗೆಯೇ ಉಳಿದುಬಿಟ್ಟಿತು. 365 ದಿನಗಳೆಂದರೆ 52 ವಾರಗಳ ಮೇಲೆ ಒಂದು ದಿನವಾದ್ದರಿಂದ ಅದೇ ತಾರೀಖು ಮರುವರ್ಷ ಒಂದು ವಾರದ ಹೆಸರು ಮುಂದಕ್ಕೆ ಹೋಗುತ್ತದೆ. ನಡುವೆ ಫೆಬ್ರವರಿ 29 ಬಂದರೆ ಎರಡು. 2023ರಲ್ಲಿ ಶನಿವಾರ ಬಂದಿದ್ದ ಏಪ್ರಿಲ್ 22, ಅಧಿಕ ವರ್ಷವಾದ 2024ರಲ್ಲಿ ಸೋಮವಾರ ಬಂದಿತ್ತು. ಇದು ಶಾಲೆಯ ಮಕ್ಕಳೂ ಮಾಡಬಲ್ಲ ಲೆಕ್ಕ. ಕರಡನ್ನು ನನ್ನನ್ನು ಸೇರಿಸಿ ಮೂವರು ಓದಿದ್ದೆವು. ಕಾಗುಣಿತ ನೋಡಿದೆವು, ಫೋನ್ ನಂಬರ್ ನೋಡಿದೆವು, ದಾನಿಗಳ ಹೆಸರುಗಳು ಯಾರಿಗೂ ಬೇಸರವಾಗದ ಕ್ರಮದಲ್ಲಿವೆಯೇ ಎಂದು ಎರಡೆರಡು ಸಲ ನೋಡಿದೆವು. ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ಒಬ್ಬರೂ ನೋಡಲಿಲ್ಲ.

20ನೆಯ ತಾರೀಖು, ಶನಿವಾರ ಬೆಳಿಗ್ಗೆ, ಭವನದ ಕಾವಲುಗಾರರು ಫೋನ್ ಮಾಡಿ, “ಮೇಡಂ, ಜನ ಬಂದು ನಿಂತಿದ್ದಾರೆ, ಗೇಟು ತೆಗೆಯಲಾ?” ಎಂದು ಕೇಳಿದಾಗಲೇ ನನಗೆ ವಿಷಯ ತಿಳಿದದ್ದು. ನಾನು ಹೋಗುವ ಹೊತ್ತಿಗೆ ಮೂವತ್ತು ಜನರಾದರೂ ಸೇರಿದ್ದರು. ಅವರಲ್ಲಿ ಒಬ್ಬ ಅಜ್ಜಿ ಹಳೆಯ ಪೇಂಟ್ ಡಬ್ಬಗಳನ್ನು ತೊಳೆದು, ತಳಕ್ಕೆ ಮೊಳೆಯಿಂದ ತೂತು ಹೊಡೆದು, ಬಟ್ಟೆ ಚೀಲದಲ್ಲಿ ಜೋಡಿಸಿಕೊಂಡು ಬಂದಿದ್ದರು. ನರ್ಸರಿಯಿಂದ ಸಸಿಗಳು ಬರುವುದು ಭಾನುವಾರ ರಾತ್ರಿ. ಕೊಡುವುದಕ್ಕೆ ನನ್ನ ಬಳಿ ಒಂದು ಎಲೆಯೂ ಇರಲಿಲ್ಲ. ತಾರೀಖಿನ ಪ್ರಕಾರ ಕಾರ್ಯಕ್ರಮ ಸೋಮವಾರವಿದೆ ಎಂದು ನಾನು ವಿವರಿಸಲು ಹೊರಟಾಗ ಅವರು, “ತಾರೀಖು ನಿಮ್ಮ ಆಫೀಸಿಗಮ್ಮಾ, ನಮಗೆ ಶನಿವಾರ ಅಂದರೆ ಶನಿವಾರ” ಎಂದರು. ಕೋಪವೇನೂ ಇರಲಿಲ್ಲ, ಆದರೆ ಚೀಲವನ್ನು ಮತ್ತೆ ಹೊತ್ತುಕೊಂಡು ಹೋದದ್ದನ್ನು ನೋಡುವುದು ಕಷ್ಟವಾಯಿತು. ಸೋಮವಾರ ಕೆಲಸದ ದಿನವಾದ್ದರಿಂದ ಬೆರಳೆಣಿಕೆಯ ಜನ ಬಂದರು. ಅರ್ಧಕ್ಕಿಂತ ಹೆಚ್ಚು ಸಸಿಗಳು ವರಾಂಡದಲ್ಲಿ ಉಳಿದವು; ಪ್ಲಾಸ್ಟಿಕ್ ಚೀಲದ ಹಿಡಿ ಮಣ್ಣು ಮಧ್ಯಾಹ್ನದೊಳಗೆ ಒಣಗುತ್ತಿದ್ದುದರಿಂದ ದಿನಕ್ಕೆರಡು ಸಲ ನೀರು ಹಾಕುತ್ತಾ, ಕೆಳಗಿನ ಎಲೆಗಳು ಹಳದಿಯಾಗುವುದನ್ನು ನೋಡುತ್ತಾ ಆ ವಾರ ಕಳೆದೆ.

ಭೂಮಿ ದಿನವನ್ನು ಅದೇ ತಾರೀಖಿಗೆ ಮಾಡಬೇಕೆಂಬ ಹಟ ನಮಗೇಕಿತ್ತು ಎಂಬ ಪ್ರಶ್ನೆ ಆಗ ಬಂತು. 1970ರಲ್ಲಿ ಅಮೆರಿಕದಲ್ಲಿ ಮೊದಲ ಭೂಮಿ ದಿನ ನಡೆದದ್ದು ಬುಧವಾರ. ಕಾಲೇಜುಗಳ ವಸಂತದ ರಜೆಗೂ ಅಂತಿಮ ಪರೀಕ್ಷೆಗೂ ನಡುವೆ ಬರುವ ದಿನವಾದರೆ ವಿದ್ಯಾರ್ಥಿಗಳು ಹೆಚ್ಚು ಸಂಖ್ಯೆಯಲ್ಲಿ ಸೇರಬಹುದೆಂಬ ಲೆಕ್ಕದಲ್ಲಿ ಸಂಘಟಕರು ಅದನ್ನು ಆರಿಸಿದ್ದರು. ಜನಕ್ಕೆ ಅನುಕೂಲವಾಗಲೆಂದು ಆರಿಸಿದ ಆ ತಾರೀಖನ್ನೇ ಹಿಡಿದುಕೊಂಡು ನಾವು ಸೋಮವಾರ ಬೆಳಿಗ್ಗೆ ಏಳಕ್ಕೆ ಜನ ಬರಲೆಂದು ಕಾದಿದ್ದೆವು.

ಈಗ ನಾನು ಹಳೆಯ ಕಡತವನ್ನು ತೆರೆಯುವುದಿಲ್ಲ. ಮಾರ್ಚ್ 21ರಿಂದ ಮೇ ಕೊನೆಯವರೆಗೆ ಸುಮಾರು ಹತ್ತು ವಾರಾಂತ್ಯಗಳು ಸಿಗುತ್ತವೆ. ಅವನ್ನು ಖಾಲಿ ಹಾಳೆಯ ಮೇಲೆ ಬರೆದುಕೊಂಡು, ಮೊದಲು ತಾರೀಖು ಬದಲಾಗದ ದಿನಾಚರಣೆಗಳನ್ನು, ಆಮೇಲೆ ವಾರಕ್ಕೆ ಕಟ್ಟುಬಿದ್ದವುಗಳನ್ನು ತುಂಬುತ್ತೇನೆ. ವಿಶ್ವ ವಲಸೆ ಹಕ್ಕಿ ದಿನ ಮೇ ತಿಂಗಳ ಎರಡನೆಯ ಶನಿವಾರ ಬರುವುದರಿಂದ ಅದು ಈ ಎರಡನೆಯ ಬಗೆಯದು; ಪ್ರತಿ ವರ್ಷವೂ ಅದರ ತಾರೀಖು ಬೇರೆ, ವಾರ ಒಂದೇ. ಚಾಂದ್ರಮಾನದ ಹಬ್ಬಗಳನ್ನು ಪ್ರತ್ಯೇಕವಾಗಿ ಗುರುತಿಸಿಕೊಳ್ಳುತ್ತೇನೆ, ಏಕೆಂದರೆ ಹನ್ನೆರಡು ಚಾಂದ್ರಮಾಸಗಳು ಸುಮಾರು 354 ದಿನಗಳಿಗೇ ಮುಗಿಯುವುದರಿಂದ ಅವು ವರ್ಷಕ್ಕೆ ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತವೆ, ಅಧಿಕ ಮಾಸದ ಪದ್ಧತಿಯಿದ್ದಲ್ಲಿ ಮತ್ತೆ ಮುಂದಕ್ಕೆ ಜಿಗಿಯುತ್ತವೆ. (ಅಂತರ್ಜಾಲದಲ್ಲಿ ಸಿಗುವ ಸಿದ್ಧ ಪಟ್ಟಿಗಳನ್ನು ಇಳಿಸಿಕೊಳ್ಳುವವರು, ಅದನ್ನು ಯಾವ ಗೋಳಾರ್ಧದವರು ಮಾಡಿದ್ದಾರೆಂದು ನೋಡಿಕೊಳ್ಳುವುದು ಒಳ್ಳೆಯದು, ದಕ್ಷಿಣದಲ್ಲಿ ವಸಂತ ಬರುವುದು ಸೆಪ್ಟೆಂಬರಿನಲ್ಲಿ.)

ನಮ್ಮದೇ ಕಾರ್ಯಕ್ರಮಗಳು ಬರುವುದು ಇವೆಲ್ಲದರ ನಂತರ. ನಿಜವಾದ ಎಳೆದಾಟ ಇರುವುದೂ ಇಲ್ಲಿಯೇ. ಭೂಮಿ ದಿನದ ಮರುದಿನವೇ, ಏಪ್ರಿಲ್ 23ಕ್ಕೆ, ಯುನೆಸ್ಕೋ 1995ರಲ್ಲಿ ಘೋಷಿಸಿದ ವಿಶ್ವ ಪುಸ್ತಕ ದಿನ ಬರುವುದರಿಂದ ಸಸಿಯವರೂ ಪುಸ್ತಕದವರೂ ಒಂದೇ ಭಾನುವಾರಕ್ಕೆ ಕೈಹಾಕುತ್ತಾರೆ. ಸಭಾಂಗಣ ದೊಡ್ಡದಿದೆ, ಇಬ್ಬರಿಗೂ ಸಾಲುತ್ತದೆ ಎಂದು ಹೊರಗಿನವರಿಗೆ ಅನ್ನಿಸಬಹುದು. ಆದರೆ ಮೇಜುಗಳು ಇರುವುದು ಒಂದೇ ಜೊತೆ, ಎತ್ತಿ ಇಡುವ ಸ್ವಯಂಸೇವಕರೂ ಅದೇ ಆರು ಮಂದಿ. ರಿಪೇರಿ ಕೂಟದವರು ಈ ವಿಷಯದಲ್ಲಿ ದೊಡ್ಡ ಉಪಕಾರಿಗಳು. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಶುರುವಾದ ಆ ಮಾದರಿಯ ಕೂಟ ಯಾವ ದಿನಾಚರಣೆಗೂ ಅಂಟಿಕೊಂಡಿಲ್ಲ, ಹಾಗಾಗಿ ಖಾಲಿ ಉಳಿದ ಯಾವ ವಾರಕ್ಕಾದರೂ ಅವರನ್ನು ಕೂರಿಸಬಹುದು. ಉದ್ಯಾನದ ಪೊದೆಗಳನ್ನು ಕಡಿದು ಹಸನು ಮಾಡುವ ಕಾರ್ಯಕ್ರಮವನ್ನಂತೂ ವಸಂತದಿಂದಲೇ ತೆಗೆದುಹಾಕಿದೆವು. ಅದು ಹಕ್ಕಿಗಳು ಗೂಡು ಕಟ್ಟಿ ಮರಿ ಮಾಡುವ ಕಾಲವೆಂದು ಹಕ್ಕಿ ವೀಕ್ಷಕರು ತಕರಾರು ತೆಗೆದಾಗ, ಅದೇ ಕರಪತ್ರದಲ್ಲಿ ಎರಡು ಸಾಲು ಮೇಲೆ ಅವರ ಕಾರ್ಯಕ್ರಮವೂ ಇದ್ದದ್ದನ್ನು ನಾನು ಗಮನಿಸಿಯೇ ಇರಲಿಲ್ಲ. ಈಗ ಆ ದಿನ ಕಾಲುದಾರಿಯ ಕಸವನ್ನಷ್ಟೇ ಹೆಕ್ಕುತ್ತೇವೆ.

ಬಯಲಿನಲ್ಲಿ ನಡೆಯುವ ಪ್ರತಿ ಕಾರ್ಯಕ್ರಮಕ್ಕೂ ಮಳೆ ಬಂದರೆ ಯಾವ ದಿನ ಎಂಬುದನ್ನು ಅದೇ ಸಾಲಿನಲ್ಲಿ ಅಚ್ಚು ಹಾಕಿಸುತ್ತೇವೆ. ವಾಟ್ಸಾಪ್‌ನಲ್ಲಿ ಆಮೇಲೆ ತಿಳಿಸಿದರಾಯಿತು ಎಂಬ ಮಾತಿಗೆ ನಾನೀಗ ಒಪ್ಪುವುದಿಲ್ಲ, ಏಕೆಂದರೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಕಾಗದ ವಾಟ್ಸಾಪ್ ಓದುವುದಿಲ್ಲ.

ಕರಡು ತಿದ್ದುವ ಕ್ರಮವೂ ಬದಲಾಗಿದೆ. ಒಬ್ಬರು ಕರಪತ್ರವನ್ನು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಗೋಡೆಯ ಕ್ಯಾಲೆಂಡರನ್ನು ಕೆಳಗಿಳಿಸಿ ಮೇಜಿನ ಮೇಲಿಟ್ಟುಕೊಂಡು, ಪ್ರತಿ ತಾರೀಖಿನ ಮೇಲೆ ಬೆರಳಿಟ್ಟು ವಾರದ ಹೆಸರು ಹೇಳುತ್ತಾರೆ. ಪ್ರತಿ ಸಾಲಿನಲ್ಲೂ ಈಗ ವಾರ ಮೊದಲು, ದಪ್ಪ ಅಕ್ಷರದಲ್ಲಿ. ತಾರೀಖು ಅದರ ಹಿಂದೆ. ಮರುವರ್ಷದ ಸಸಿ ವಿತರಣೆಯನ್ನು ಭೂಮಿ ದಿನಕ್ಕೆ ಕಾಯದೆ ಅದರ ಹಿಂದಿನ ಶನಿವಾರವೇ ಇಟ್ಟುಕೊಂಡೆವು. ಅಜ್ಜಿ ಅವೇ ಡಬ್ಬಗಳನ್ನು ತಂದಿದ್ದರು, ತೂತುಗಳು ತುಕ್ಕು ಹಿಡಿದು ಸ್ವಲ್ಪ ದೊಡ್ಡವಾಗಿದ್ದವು.