ಬಂಡೆಯ ಅಂಚಿನಲ್ಲೊಂದು ದಿನ

ರ‍್ಯಾಪೆಲಿಂಗ್ ಶಿಬಿರಕ್ಕೆ ಹೆಸರು ಕೊಟ್ಟಿದ್ದ 12 ಮಂದಿಯಲ್ಲಿ ನಾನೇ ಹಿರಿಯಳಾಗಿದ್ದೆ. ಹಗ್ಗದ ಆಸರೆಯಲ್ಲಿ ಕಡಿದಾದ ಬಂಡೆಯನ್ನು ಇಳಿಯುವ ಈ ಸಾಹಸದ ಬಗ್ಗೆ ಸಾಕಷ್ಟು ಓದಿಕೊಂಡಿದ್ದರಿಂದ ಹಿಂದಿನ ರಾತ್ರಿ ನಿಶ್ಚಿಂತೆಯಿಂದಲೇ ಮಲಗಿದ್ದೆ. ಬೆಳಿಗ್ಗೆ 30 ಮೀಟರ್ ಎತ್ತರದ ಬಂಡೆಯ ನೆತ್ತಿಯನ್ನು ತಲುಪಿದ ಮೇಲೆ ಮೊದಲ ಒಂದು ಗಂಟೆ ಯಾರೂ ಇಳಿಯಲಿಲ್ಲ. ತರಬೇತುದಾರರಿಬ್ಬರು, ಒಂದು ಆಸರೆ ಕಿತ್ತುಬಂದರೂ ಇನ್ನೊಂದು ಭಾರ ಹೊರುವಂತೆ ಹಗ್ಗವನ್ನು ಎರಡು ಪ್ರತ್ಯೇಕ ಕಡೆ ಬಿಗಿದರು. ಅದು ಬಂಡೆಯ ಅಂಚಿಗೆ ಉಜ್ಜುವಲ್ಲಿ ದಪ್ಪ ಬಟ್ಟೆ ಹಾಸಿದರು. ಕೆಳತುದಿ ನೆಲ ಮುಟ್ಟಿರುವುದನ್ನು ಖಚಿತಪಡಿಸಿಕೊಂಡರು. ತುದಿಯಲ್ಲಿ ಒಂದು ಗಂಟನ್ನೂ ಮೊದಲೇ ಹಾಕಿಟ್ಟಿದ್ದರು. ಹಗ್ಗ ಮುಗಿದದ್ದು ಅರಿವಿಗೆ ಬಾರದೆ ಅದರ ತುದಿಯಿಂದಲೇ ಜಾರಿ ಬಿದ್ದವರು ಅನುಭವಿಗಳಲ್ಲೂ ಇದ್ದಾರೆ. ಆ ಗಂಟು ಅದನ್ನು ತಡೆಯುವುದಕ್ಕೆ. ನಮಗೆ ಮಾತ್ರ ಇದೆಲ್ಲ ಕಾಲಹರಣದಂತೆ ಕಂಡಿತು. ಅಷ್ಟು ಹೊತ್ತು ನಾವು ಮಾಡಿದ ಕೆಲಸವೆಂದರೆ, ಮೈಗೆ ಯಾವ ಹಗ್ಗವನ್ನೂ ಕಟ್ಟಿಕೊಳ್ಳದೆ ಅಂಚಿನ ಬಳಿ ನಿಂತು ಒಬ್ಬರ ಫೋಟೋ ಇನ್ನೊಬ್ಬರು ತೆಗೆದದ್ದು. ಗದರಿಸಿಕೊಂಡು ಹಿಂದೆ ಸರಿದವರು ಐದು ನಿಮಿಷದಲ್ಲಿ ಮತ್ತೆ ಅಲ್ಲಿಗೇ ಬಂದಿದ್ದೆವು.

ನನ್ನ ಸರದಿ ನಾಲ್ಕನೆಯದು. ಸೊಂಟಕ್ಕೂ ತೊಡೆಗಳಿಗೂ ಹಾರ್ನೆಸ್ ಬಿಗಿದು, ಇಂಗ್ಲಿಷಿನ ಎಂಟರಂತೆ ಕಾಣುವ ಲೋಹದ ಸಾಧನದಲ್ಲಿ ಹಗ್ಗವನ್ನು ಸುತ್ತಿ, ಕ್ಯಾರಬೀನರ್ ಎಂಬ, ತೆರೆದು ಮುಚ್ಚುವ ಬಾಗಿಲುಳ್ಳ ಲೋಹದ ಕೊಂಡಿಯನ್ನು ಸಿಕ್ಕಿಸಿದ ತರಬೇತುದಾರರು, ಆ ಬಾಗಿಲನ್ನು ಭದ್ರಪಡಿಸುವ ತಿರುಪನ್ನು ನನ್ನಿಂದಲೇ ಬಿಗಿ ಮಾಡಿಸಿದರು. ಬಾಗಿಲು ಮುಚ್ಚಿರುವ ಕ್ಯಾರಬೀನರ್ ಉದ್ದಕ್ಕೆ ಕನಿಷ್ಠ 20 ಕಿಲೋನ್ಯೂಟನ್, ಅಂದರೆ ಸುಮಾರು ಎರಡು ಟನ್ ಎಳೆತವನ್ನು ತಾಳಬೇಕು ಎಂಬುದು ಯುರೋಪಿನ ಮಾನದಂಡ. ಬಾಗಿಲು ತೆರೆದುಕೊಂಡಿದ್ದರೆ ಅದೇ ಮಾನದಂಡ ಕೇಳುವುದು ಸಾಮಾನ್ಯವಾಗಿ 7 ಕಿಲೋನ್ಯೂಟನ್ ಮಾತ್ರ. ಲೋಹ ಅದೇ, ಮನುಷ್ಯ ಅವನೇ; ತಿರುಪನ್ನು ಮರೆತು ಬಾಗಿಲು ತೆರೆದುಕೊಂಡರೆ ಬಲ ಮೂರರಲ್ಲೊಂದು ಪಾಲಿನ ಆಸುಪಾಸಿಗೆ ಇಳಿಯುತ್ತದೆ. ಇದು ನನಗೆ ಗೊತ್ತಿತ್ತು. ಎರಡು ಟನ್ ತಾಳುವ ಉಪಕರಣಕ್ಕೆ ನನ್ನ 62 ಕಿಲೋ ಲೆಕ್ಕವೇ ಅಲ್ಲವೆಂದೂ ಗೊತ್ತಿತ್ತು.

ಆದರೂ ಅಂಚಿಗೆ ಬೆನ್ನು ಮಾಡಿ ನಿಂತಾಗ ಮೊಣಕಾಲು ನನ್ನ ಮಾತು ಕೇಳಲಿಲ್ಲ. ಈ ಇಳಿತದಲ್ಲಿ ಕಷ್ಟವಿರುವುದು ಮೊದಲ ಎರಡು ಹೆಜ್ಜೆಯಲ್ಲಿ. ಪಾದಗಳನ್ನು ಬಂಡೆಗೆ ಚಪ್ಪಟೆಯಾಗಿ ಒತ್ತಿ, ದೇಹವನ್ನು ಹಿಂದಕ್ಕೆ, ಬರಿಯ ಗಾಳಿಯ ಕಡೆಗೆ ಒರಗಿಸಬೇಕು. ಹೆದರಿದ ದೇಹ ಬಯಸುವುದು ಇದಕ್ಕೆ ತದ್ವಿರುದ್ಧವಾದದ್ದನ್ನು: ಅದಕ್ಕೆ ಬಂಡೆಯನ್ನು ಅಪ್ಪಿಕೊಳ್ಳಬೇಕು. ಅಪ್ಪಿಕೊಂಡರೆ ಪಾದದ ಹಿಡಿತ ತಪ್ಪಿ, ಮುಖ ಕಲ್ಲಿಗೆ ಬಡಿಯುತ್ತದೆ. ಹಿಂದೆ ನಿಂತವರು ‘ಏನೂ ಆಗಲ್ಲ, ಹೋಗಿ ಹೋಗಿ’ ಎಂದು ಚಪ್ಪಾಳೆ ತಟ್ಟತೊಡಗಿದರು. ಅವರ ಉದ್ದೇಶ ಒಳ್ಳೆಯದೇ ಇತ್ತು. ಆದರೆ ಆ ಚಪ್ಪಾಳೆಯಿಂದ ನನ್ನ ಭಯ ಕಡಿಮೆಯಾಗಲಿಲ್ಲ, ಅದರ ಜೊತೆಗೆ ನಾಚಿಕೆಯೂ ಸೇರಿಕೊಂಡಿತು. ನಾಚಿಕೆಯಿಂದ ಹೆಜ್ಜೆ ಇಟ್ಟವರು ಕೈಯ ಕಡೆ ಗಮನ ಕೊಡುವುದಿಲ್ಲ, ಮತ್ತು ಇಳಿಯುವವರ ಪ್ರಾಣವಿರುವುದು ಹಗ್ಗದ ಕೆಳಭಾಗವನ್ನು ಹಿಡಿದ ಆ ಬ್ರೇಕಿನ ಕೈಯಲ್ಲಿಯೇ. ತರಬೇತುದಾರರು ಕೈಯೆತ್ತಿ ಚಪ್ಪಾಳೆ ನಿಲ್ಲಿಸಿ, ‘ಮೇಡಂ, ಇಳಿಯಲೇಬೇಕು ಅಂತೇನಿಲ್ಲ. ನಿಮಗೆ ಬೇಡ ಅನ್ನಿಸಿದರೆ ಬೇಡ. ಕೆಳಗೆ ಹಗ್ಗ ಹಿಡಿಯೋಕೆ ಒಬ್ಬರು ಬೇಕು, ಹೋಗ್ತೀರಾ?’ ಎಂದು ಕೇಳಿದರು. ಪಾಲ್ಗೊಳ್ಳುವವರು ತಮ್ಮ ಸವಾಲನ್ನು ತಾವೇ ಆರಿಸಿಕೊಳ್ಳಬೇಕು ಎಂಬ ತತ್ತ್ವವನ್ನು ಅಮೆರಿಕದ ಸಾಹಸ ಶಿಕ್ಷಕ ಕಾರ್ಲ್ ರೋಂಕಿ ಬಳಕೆಗೆ ತಂದರೆಂದು ನಾನು ಓದಿದ್ದೆ. ಓದುವಾಗ ಅದು ಹೆದರುಪುಕ್ಕಲರಿಗಾಗಿ ಮಾಡಿದ ರಿಯಾಯಿತಿಯಂತೆ ಕಂಡಿತ್ತು.

ಬದಿಯ ಕಾಲುದಾರಿಯಲ್ಲಿ ಕೆಳಗಿಳಿಯುವಾಗ, ಸಡಿಲ ಕಲ್ಲಿನ ಮೇಲೆ ಕಾಲಿಟ್ಟು ಜಾರಿ, ಒಂದು ಪೊದೆಯನ್ನು ಹಿಡಿದು ನಿಂತೆ. ಅಂಗೈ ತರಚಿತು. ದಿನವಿಡೀ ನನಗಾದ ಗಾಯ ಅದೊಂದೇ. ಆ ದಾರಿಯನ್ನು ಯಾರೂ ಸಾಹಸವೆಂದು ಕರೆದಿರಲಿಲ್ಲ, ಅಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಕೆಳಗಿನ ಕೆಲಸ ನೋಡಲು ಸುಲಭ. ಇಳಿಯುತ್ತಿರುವವರ ಕೈ ತಪ್ಪಿದರೆ ಹಗ್ಗವನ್ನು ಕೆಳಗಿನಿಂದ ಜೋರಾಗಿ ಎಳೆದು ಬಿಗಿ ಮಾಡಬೇಕು. ಆಗ ಲೋಹದ ಸಾಧನದಲ್ಲಿ ಘರ್ಷಣೆ ಹೆಚ್ಚಿ ಅವರು ಇದ್ದಲ್ಲೇ ನಿಲ್ಲುತ್ತಾರೆ. ಮೊದಲೇ ಬಿಗಿ ಹಿಡಿದರೆ ಅವರು ಇಳಿಯಲಾರರು, ತೀರಾ ಸಡಿಲ ಬಿಟ್ಟರೆ ಸಮಯಕ್ಕೆ ನಿಲ್ಲಿಸಲು ನನ್ನಿಂದಾಗದು. ಹಾಗಾಗಿ ಕತ್ತೆತ್ತಿ, ಕಣ್ಣು ಮಿಟುಕಿಸಲೂ ಅಂಜುತ್ತ ನಿಂತಿದ್ದೆ. ಐದು ಮಂದಿ ಇಳಿದರು. ಆರನೆಯವಳು ಕಾಲೇಜು ಹುಡುಗಿ. ಅರ್ಧ ದಾರಿಯಲ್ಲಿ ಕಾಲು ಜಾರಿ ಮಗ್ಗುಲಿಗೆ ಹೊರಳಿದಳು, ಬ್ರೇಕಿನ ಕೈ ಸಡಿಲವಾಯಿತು. ನಾನು ಯೋಚಿಸುವ ಮೊದಲೇ ಹಗ್ಗವನ್ನು ಎಳೆದು ಹಿಂದಕ್ಕೆ ಬಾಗಿದ್ದೆ. ಒಂದು ಮೀಟರಿನಷ್ಟೂ ಜಾರದೆ ಅವಳು ನಿಂತಳು. ಅವಳ ಇಡೀ ಭಾರವೇನೂ ನನ್ನ ಕೈಗೆ ಬರಲಿಲ್ಲ, ಅದನ್ನು ಲೋಹವೂ ಮೇಲಿನ ಆಸರೆಗಳೂ ಹೊತ್ತವು. ನನ್ನ ಪಾಲಿಗೆ ಬಂದದ್ದು ಒಂದು ಜಗ್ಗು ಮಾತ್ರ. ಅವಳು ಮತ್ತೆ ಪಾದ ಊರಿ, ಕೈ ಸರಿಪಡಿಸಿಕೊಂಡು, ‘ಆಂಟಿ, ಬಿಡಿ’ ಎಂದಾಗ ಹಗ್ಗವನ್ನು ನಿಧಾನವಾಗಿ ಸಡಿಲಿಸಿದೆ. ನಾನು ಓದಿದ್ದ ಟನ್ನುಗಳ ಲೆಕ್ಕ ಬೆಳಗಿನಿಂದ ಕೊಡದಿದ್ದ ಧೈರ್ಯವನ್ನು ಆ ಒಂದು ಜಗ್ಗು ಕೊಟ್ಟಿತು. ಹಗ್ಗ ನಿಲ್ಲಿಸುತ್ತದೆ ಎಂಬುದನ್ನು ಈಗ ನನ್ನ ಕೈ ತಿಳಿದುಕೊಂಡಿತ್ತು.

ಮಧ್ಯಾಹ್ನ ಮತ್ತೆ ಮೇಲೆ ಹತ್ತಿ, ನಾನಾಗಿಯೇ ಕೇಳಿ ಹಾರ್ನೆಸ್ ಕಟ್ಟಿಸಿಕೊಂಡೆ. ಮೊದಲ ಹೆಜ್ಜೆಗೆ ಬಹಳ ಹೊತ್ತು ತೆಗೆದುಕೊಂಡೆ, ಮೂರನೆಯದಕ್ಕೆ ಪಾದ ಒರಟು ಕಲ್ಲನ್ನು ಕಂಡುಕೊಂಡಿತು, ಆಮೇಲಿನದನ್ನು ವರ್ಣಿಸುವಷ್ಟೇನೂ ಇಲ್ಲ. ನೆಲ ಮುಟ್ಟಿದಾಗ ಆದ ಸಂತೋಷ ಮಾತ್ರ ಹೇಳತೀರದು.

ಆ ಸಂತೋಷದಲ್ಲಿಯೇ, ಹಗ್ಗದಿಂದ ಬಿಡಿಸಿಕೊಂಡು ಎರಡು ಹೆಜ್ಜೆ ಸರಿದು, ಬೆವರು ಒರೆಸಿಕೊಳ್ಳಲು ಹೆಲ್ಮೆಟ್ ತೆಗೆದೆ. ನನ್ನಿಂದ ಒಂದು ಮಾರು ದೂರದಲ್ಲಿ ಏನೋ ಠಪ್ಪನೆ ಸಿಡಿಯಿತು. ಮೇಲೆ ಯಾರದೋ ಬೂಟಿಗೆ ತಾಗಿ ಉರುಳಿದ ಲಿಂಬೆ ಗಾತ್ರದ ಕಲ್ಲು. 30 ಮೀಟರ್ ಎತ್ತರದಿಂದ ಬಿದ್ದ ಕಲ್ಲು ನೆಲ ತಲುಪುವಾಗ ಅದರ ವೇಗ ಗಂಟೆಗೆ ಸುಮಾರು 85 ಕಿಲೋಮೀಟರ್. ಮೇಲಿನಿಂದ ತರಬೇತುದಾರರು ಕೂಗಿದ್ದು ನನಗೆ ಕೇಳಿಸಿದ್ದು ಕಲ್ಲು ಬಿದ್ದ ಮೇಲೆ. ಅಂಚಿನಲ್ಲಿ ನಾನು ಹಿಂಜರಿದಾಗ ಅಷ್ಟು ಮೃದುವಾಗಿ ಮಾತನಾಡಿದ್ದವರು ಈಗ ಇಡೀ ಗುಂಪಿಗೆ ಕೇಳುವಂತೆ ಬೈದರು, ಮತ್ತು ಆ ಬೈಗುಳದಲ್ಲಿ ಒಂದಕ್ಷರವೂ ಹೆಚ್ಚೆನಿಸಲಿಲ್ಲ.

ಹೆಲ್ಮೆಟ್ ಹಾಕಿಕೊಂಡು, ಗಲ್ಲದ ಪಟ್ಟಿ ಬಿಗಿದು, ಬಂಡೆಯಿಂದ ದೂರ ಹೋಗಿ ಕುಳಿತೆ. ಬೆಳಿಗ್ಗೆ ನಡುಗಿದ್ದ ಮೊಣಕಾಲು ಅಲ್ಲಿ ಮತ್ತೆ ನಡುಗಲು ಶುರುವಾಯಿತು.