ನೂರು ಜೋಳದ ಕಾಳು, ಒಂದು ನಾಣ್ಯ

ಕಳೆದ ವಾರ ಗದಗಿನಿಂದ ಒಬ್ಬ ಶಿಕ್ಷಕರು ಫೋನ್ ಮಾಡಿದ್ದರು. ತಮ್ಮ ತಾಲೂಕಿನಲ್ಲೂ ಮಕ್ಕಳಿಗೆ ವಿಜ್ಞಾನ ಸ್ಪರ್ಧೆ ನಡೆಸಬೇಕು, ನೀವು ಧಾರವಾಡದಲ್ಲಿ ಹೇಗೆ ಮಾಡುತ್ತೀರಿ ಎಂದು ಕೇಳಿದರು. ಅರ್ಧ ತಾಸು ಮಾತಾಡಿದರೂ ಮುಗಿಯಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಸಣ್ಣ ಸ್ಪರ್ಧೆ. 8 ಶಾಲೆ, ಶಾಲೆಗೆ 3 ಮಕ್ಕಳು, ಒಟ್ಟು 24. ಧಾರವಾಡ, ಹುಬ್ಬಳ್ಳಿ, ಅಣ್ಣಿಗೇರಿ, ಮುಳಗುಂದದ ಕಡೆಯಿಂದ ಬರುತ್ತಾರೆ. ಆದರೆ ನಿಯಮಗಳನ್ನು ಮಾತ್ರ ನಾವು ದೊಡ್ಡ ಕಡೆಯಿಂದಲೇ ತಂದುಕೊಂಡಿದ್ದೇವೆ. ದೇಶದೇಶಗಳ ಮಕ್ಕಳ ತಂಡಗಳು ಸ್ಪರ್ಧಿಸುವ ಅಂತಾರಾಷ್ಟ್ರೀಯ ಭೌತವಿಜ್ಞಾನ ಒಲಿಂಪಿಯಾಡ್ ಇದೆಯಲ್ಲ, ಅದರಿಂದ.

ನಾನು ಪಿಯು ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತೇನೆ. ಮುಂಬೈನ ಮಾನಖುರ್ದಿನಲ್ಲಿ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಇದೆ. ನಮ್ಮ ದೇಶದ ತಂಡಗಳನ್ನು ಆರಿಸಿ ತಯಾರು ಮಾಡುವುದು ಅಲ್ಲೇ. ಒಮ್ಮೆ ಶಿಕ್ಷಕರ ಶಿಬಿರಕ್ಕೆಂದು ಅಲ್ಲಿಗೆ ಹೋಗಿದ್ದೆ. ಕಠಿಣ ಲೆಕ್ಕ ಕಲಿಯಬೇಕು ಎಂದುಕೊಂಡು ಹೋದವಳು. ಮನಸ್ಸಿನಲ್ಲಿ ಉಳಿದದ್ದು ಲೆಕ್ಕ ಅಲ್ಲ. ಊಟದ ಹೊತ್ತಿನಲ್ಲಿ ಒಬ್ಬರು ಸುಮ್ನೆ ಮಾತಿಗೆ ಹೇಳಿದ ಸಂಗತಿ: ಪರೀಕ್ಷೆಯ ಹಿಂದಿನ ರಾತ್ರಿ ಎಲ್ಲ ದೇಶಗಳ ಶಿಕ್ಷಕರು ಕೂತು ಪ್ರಶ್ನೆಪತ್ರಿಕೆಯನ್ನು ತಮ್ಮ ತಮ್ಮ ಮಕ್ಕಳ ಭಾಷೆಗೆ ಅನುವಾದ ಮಾಡುತ್ತಾರೆ, ಎಷ್ಟೋ ಸಲ ಬೆಳಗಾಗುವವರೆಗೆ.

ಆ ಮಾತು ನನಗೆ ಯಾಕೆ ಅಷ್ಟು ತಟ್ಟಿತು ಎಂದು ಹೇಳಬೇಕು. ನಾನು ಮುಳಗುಂದದ ಹತ್ತಿರದ ಹಳ್ಳಿಯವಳು. ಎಂಟನೇ ಇಯತ್ತೆಯಲ್ಲಿದ್ದಾಗ ಗದಗಿನಲ್ಲಿ ಒಂದು ವಿಜ್ಞಾನ ಸ್ಪರ್ಧೆಗೆ ನಮ್ಮ ಗುರುಗಳು ಕರೆದುಕೊಂಡು ಹೋಗಿದ್ದರು. ಪ್ರಶ್ನೆಪತ್ರಿಕೆ ಪೂರಾ ಇಂಗ್ಲಿಷಿನಲ್ಲಿತ್ತು. ಮೊದಲ ಪ್ರಶ್ನೆಯಲ್ಲೇ ‘ಫ್ರಿಕ್ಷನ್’ ಎಂಬ ಪದ ಬಂತು. ಘರ್ಷಣೆಯ ಪಾಠ ನನಗೆ ಬಾಯಿಪಾಠ ಇತ್ತು. ಎತ್ತಿನ ಬಂಡಿಯ ಅಚ್ಚಿಗೆ ಕೀಲೆಣ್ಣೆ ಯಾಕೆ ಹಾಕುತ್ತಾರೆ ಎಂದು ಅಪ್ಪನಿಗೇ ವಿವರಿಸಿದ್ದೆ. ಆದರೆ ಫ್ರಿಕ್ಷನ್ ಎಂದರೆ ಘರ್ಷಣೆ ಎಂದು ಗೊತ್ತಿರಲಿಲ್ಲ. ಖಾಲಿ ಹಾಳೆ ಕೊಟ್ಟು ಬಂದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಗುರುಗಳು ಏನೂ ಅನ್ನಲಿಲ್ಲ. ಅದು ಇನ್ನೂ ಜಾಸ್ತಿ ನೋವಾಯಿತು.

ಹಾಗಾಗಿ ಶಿಬಿರದಿಂದ ಬಂದವಳೇ ಆ ಒಲಿಂಪಿಯಾಡಿನ ನಿಯಮಾವಳಿಯನ್ನು ಹುಡುಕಿ, ಮುದ್ರಿಸಿ, ಪೆನ್ಸಿಲ್ ಹಿಡಿದು ಓದಿದೆ. ಯಾರು ಬೇಕಾದರೂ ಓದಬಹುದಾದ ದಾಖಲೆ ಅದು. ಓದುತ್ತಾ ಹೋದಂತೆ ಪ್ರತಿ ನಿಯಮದ ಹಿಂದೆ ಯಾವುದೋ ಮಗುವಿನ ಚಿಂತೆ ಇದೆ ಅನ್ನಿಸಿತು.

1967ರಲ್ಲಿ ಪೋಲೆಂಡಿನ ವಾರ್ಸಾದಲ್ಲಿ ಮೊದಲ ಸಲ ನಡೆದಾಗ ಬಂದದ್ದು 5 ದೇಶ. ದೇಶಕ್ಕೆ 3 ವಿದ್ಯಾರ್ಥಿಗಳಂತೆ 15 ಜನ. ನಮ್ಮ 24ಕ್ಕಿಂತ ಕಡಿಮೆ! ಇದನ್ನು ನಮ್ಮ ಶಿಕ್ಷಕರ ಮೊದಲ ಸಭೆಯಲ್ಲಿ ಹೇಳಿದಾಗ ಎಲ್ಲರಿಗೂ ಧೈರ್ಯ ಬಂತು. ಈಗ ತಂಡಕ್ಕೆ 5 ಜನ. ಭಾರತ 1998ರಿಂದ ಹೋಗುತ್ತಿದೆ. 2015ರಲ್ಲಿ ಮುಂಬೈಯಲ್ಲೇ ನಡೆಯಿತು, 80ಕ್ಕೂ ಹೆಚ್ಚು ದೇಶಗಳು ಬಂದಿದ್ದವು. ಎರಡು ಪರೀಕ್ಷೆ, ಒಂದೊಂದೂ 5 ತಾಸು. ಲೆಕ್ಕದ್ದಕ್ಕೆ 30 ಅಂಕ, ಪ್ರಯೋಗದ್ದಕ್ಕೆ 20. ನಡುವೆ ಮಕ್ಕಳಿಗೆ ಪೂರ್ತಿ ಒಂದು ದಿನ ಬಿಡುವು ಕೊಡಲೇಬೇಕು.

ಪ್ರಶ್ನೆಗಳನ್ನು ಸಿದ್ಧ ಮಾಡುವುದು ಆತಿಥ್ಯ ವಹಿಸಿದ ದೇಶ. ಆದರೆ ಕೊನೆಯ ಮಾತು ಅವರದಲ್ಲ. ಎಲ್ಲ ತಂಡಗಳ ಮುಖಂಡರು ಸೇರಿದ ಒಂದು ಮಂಡಳಿ ಇದೆ. ಅದು ಪ್ರಶ್ನೆಗಳನ್ನು ಓದಿ, ಜಗಳಾಡಿ, ತಿದ್ದಿ, ಬೇಕಾದರೆ ಮತ ಹಾಕಿ ಒಪ್ಪಬೇಕು. ಆ ಹೊತ್ತಿಗೆ ಮಕ್ಕಳು ಬೇರೆ ಕಡೆ ಉಳಿದಿರುತ್ತಾರೆ, ಅವರ ಕೈಯಲ್ಲಿ ಫೋನ್ ಇರುವುದಿಲ್ಲ. ಒಪ್ಪಿದ ಮೇಲೆ ಅನುವಾದ.

ನಾವೂ ಹಾಗೇ ಮಾಡುತ್ತೇವೆ. ಶನಿವಾರ ಸಂಜೆ 8 ಶಾಲೆಯ ಶಿಕ್ಷಕರು ಮಾಳಮಡ್ಡಿಯ ನಮ್ಮ ಮನೆಗೆ ಬರುತ್ತಾರೆ. ಫೋನುಗಳೆಲ್ಲ ಒಂದು ಸ್ಟೀಲ್ ಡಬ್ಬಿಗೆ ಹೋಗುತ್ತವೆ. ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಆದ ಮೇಲೆ ಪ್ರಶ್ನೆಪತ್ರಿಕೆ ಬಿಚ್ಚುತ್ತೇವೆ. ಅವರು ರಾತ್ರಿ ಇಲ್ಲೇ ಉಳಿಯುತ್ತಾರೆ. ಮಕ್ಕಳನ್ನು ಭಾನುವಾರ ಬೆಳಿಗ್ಗೆ ಬೇರೆ ಶಿಕ್ಷಕರು ಕರೆತರುತ್ತಾರೆ, ಹುಬ್ಬಳ್ಳಿಯವರು ಚಿಗರಿ ಬಸ್ಸಿಗೆ.

2018ರ ಮೊದಲ ಸಭೆ ನನಗೆ ಮರೆಯುವುದಿಲ್ಲ. ಪ್ರಯೋಗ ಇಷ್ಟೇ: ನೂರು ಕಾಳು ಹಿಂಗಾರಿ ಜೋಳದ ಸಾಂದ್ರತೆ, ಅಂದರೆ ಒಂದು ಘನ ಸೆಂಟಿಮೀಟರಿಗೆ ಎಷ್ಟು ಗ್ರಾಂ ಎಂದು, ಕಂಡುಹಿಡಿಯಬೇಕು. ತಕ್ಕಡಿ ಇಲ್ಲ. ಅರ್ಧ ಮೀಟರಿನ ಪಟ್ಟಿ, ಅದನ್ನು ಆನಿಸಲು ಒಂದು ಪೆನ್ಸಿಲ್, ಒಂದು ಐದು ರೂಪಾಯಿ ನಾಣ್ಯ, ದಾರ, ಒಂದು ಸಣ್ಣ ಪ್ಲಾಸ್ಟಿಕ್ ಚೀಲ, ಮೂತಿ ಮುಚ್ಚಿದ 10 ಮಿಲಿಲೀಟರ್ ಸಿರಿಂಜು, ನೀರು. ಪಟ್ಟಿಯನ್ನೇ ತಕ್ಕಡಿ ಮಾಡಿಕೊಂಡು ನಾಣ್ಯದೆದುರು ಕಾಳು ತೂಗಬೇಕು, ಸಿರಿಂಜಿನಲ್ಲಿ ನೀರು ಎಷ್ಟು ಏರಿತು ಎಂದು ನೋಡಿ ಗಾತ್ರ ತಿಳಿಯಬೇಕು. ನಾಣ್ಯದ ದ್ರವ್ಯರಾಶಿ 6 ಗ್ರಾಂ ಎಂದು ಪತ್ರಿಕೆಯಲ್ಲಿ ಕೊಟ್ಟಿದ್ದೆವು.

ಅಣ್ಣಿಗೇರಿ ಕಡೆಯ ಒಬ್ಬ ಗುರುಗಳು ಕೂಡಲೇ ತಡೆದರು. ಜೋಳ ನೀರು ಕುಡಿಯುತ್ತದೆ, ಗಾತ್ರ ತಪ್ಪು ಬರುತ್ತದೆ ಎಂದರು. ಸರಿ, ನೋಡೇಬಿಡೋಣ ಎಂದು ಅಡುಗೆಮನೆಯ ಕಟ್ಟೆಯ ಮೇಲೆ ಸಿರಿಂಜು ಇಟ್ಟು ಹತ್ತು ನಿಮಿಷ ಕಾದೆವು. ಕಾಳು ಕುಡಿದ ನೀರಿಗಿಂತ ದೊಡ್ಡ ತೊಂದರೆ ಬೇರೆ ಇತ್ತು. ಕಾಳುಗಳಿಗೆ ಅಂಟಿಕೊಂಡ ಗಾಳಿಯ ಗುಳ್ಳೆಗಳು! ಅವು ಇರುವಷ್ಟು ಹೊತ್ತು ನೀರಿನ ಮಟ್ಟ ಮೇಲೇ ನಿಲ್ಲುತ್ತದೆ. ‘ಸಿರಿಂಜನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ’ ಎಂಬ ಸಾಲು ಸೇರಿತು. ಒಬ್ಬರೇ ಕೂತು ಪತ್ರಿಕೆ ತೆಗೆದಿದ್ದರೆ ಈ ಸಾಲು ಬರುತ್ತಿರಲಿಲ್ಲ.

ಆಮೇಲೆ ಭಾಷೆಯ ಸರದಿ. ಕರಡಿನಲ್ಲಿ ನಾನು ‘ನಿಮ್ಮ ಅಳತೆಯಲ್ಲಿರುವ ದೋಷವನ್ನು ಅಂದಾಜಿಸಿ’ ಎಂದು ಬರೆದಿದ್ದೆ. ಪಠ್ಯಪುಸ್ತಕದ ಪದ ಅದು, ತಪ್ಪೇನಿಲ್ಲ. ಆದರೆ ಒಬ್ಬ ಅಕ್ಕೋರು ಹೇಳಿದರು: ದೋಷ ಅಂದರೆ ನಮ್ಮ ಹುಡುಗರು ಹೆದರುತ್ತಾರೆ, ನಾನೇನೂ ತಪ್ಪು ಮಾಡಿಲ್ಲ ಅಂತ ಬರೆದುಬಿಡುತ್ತಾರೆ. ಮುಕ್ಕಾಲು ತಾಸು ಅದೊಂದೇ ಪದದ ಮೇಲೆ ಕೂತೆವು. ಕೊನೆಗೆ ‘ನಿಮ್ಮ ಉತ್ತರ ಎಷ್ಟು ಹೆಚ್ಚುಕಡಿಮೆ ಆಗಿರಬಹುದು? ಯಾಕೆ?’ ಎಂದಾಯಿತು. ಹೆಚ್ಚುಕಡಿಮೆ! ಸಂತೆಯಲ್ಲಿ ದಿನಾ ಆಡುವ ಮಾತು. ಹುಬ್ಬಳ್ಳಿಯ ಉರ್ದು ಶಾಲೆಯ ಶಿಕ್ಷಕರು ಆ ಸಾಲನ್ನು ಕೇಳಿಸಿಕೊಂಡೇ ತಮ್ಮ ಅನುವಾದವನ್ನೂ ಬದಲಿಸಿದರು. ಮಲಗುವಾಗ ಎರಡು ಗಂಟೆ.

ಇನ್ನು ನಾಣ್ಯದ ಕಥೆ. ಇದು ಪೂರ್ತಿ ನನ್ನದೇ ತಪ್ಪು.

ದೊಡ್ಡ ಒಲಿಂಪಿಯಾಡಿನಲ್ಲಿ ನೂರಾರು ಮಕ್ಕಳಿಗೂ ಒಂದೇ ಥರದ ಉಪಕರಣ ಇರಬೇಕು. ನನಗೆ ಅದು ಗೊತ್ತಿತ್ತು. ಹಾಗಾಗಿ ಪಟ್ಟಿ, ಸಿರಿಂಜು ಎಲ್ಲ ಒಂದೇ ಅಂಗಡಿಯಿಂದ ತಂದಿದ್ದೆ. ನಾಣ್ಯಗಳನ್ನು ಮಾತ್ರ ಮನೆಯ ಡಬ್ಬಿಯಿಂದ ಎಣಿಸಿ ಹಾಕಿದೆ. ಐದು ರೂಪಾಯಿ ಎಂದರೆ ಐದು ರೂಪಾಯಿ ಅಲ್ವಾ? ಅಲ್ಲ. ಹಳೆಯ ದಪ್ಪ ನಾಣ್ಯ 9 ಗ್ರಾಂ ಇರುತ್ತದೆ. ಆಮೇಲೆ ಬಂದ ತೆಳು ನಾಣ್ಯ 6 ಗ್ರಾಂ. 24 ಪೊಟ್ಟಣಗಳಲ್ಲಿ ಒಂದರೊಳಗೆ ದಪ್ಪದ್ದು ಸೇರಿಕೊಂಡಿತ್ತು.

ಅದು ಒಂಬತ್ತನೇ ಇಯತ್ತೆಯ ಒಬ್ಬ ಹುಡುಗಿಗೆ ಹೋಯಿತು. ಅವಳ ಉತ್ತರ ಘನ ಸೆಂಟಿಮೀಟರಿಗೆ 0.87 ಗ್ರಾಂ ಬಂತು. ಬೇರೆಯವರಿಗೆಲ್ಲ 1.3ರ ಆಸುಪಾಸು. ಮೌಲ್ಯಮಾಪನ ಮಾಡಿದವರು ಕೊನೆಯ ಉತ್ತರಕ್ಕೆ ಸೊನ್ನೆ ಹಾಕಿದರು. ಮಾದರಿ ಉತ್ತರದ ಪ್ರಕಾರ ಅದು ಸರಿಯೇ ಇತ್ತು.

ಇಲ್ಲಿ ಆ ನಿಯಮಾವಳಿ ನಮ್ಮನ್ನು ಕಾಪಾಡಿತು. ಒಲಿಂಪಿಯಾಡಿನಲ್ಲಿ ಪ್ರತಿ ತಂಡದ ಮುಖಂಡರಿಗೆ ತಮ್ಮ ಮಕ್ಕಳ ಉತ್ತರಪತ್ರಿಕೆಯ ಪ್ರತಿ ಸಿಗುತ್ತದೆ. ಅವರೂ ಅಂಕ ಹಾಕಿಕೊಂಡು ಬರುತ್ತಾರೆ. ಮೌಲ್ಯಮಾಪಕರ ಎದುರು ಕೂತು ಒಂದೊಂದು ಸಾಲಿನ ಮೇಲೂ ವಾದ ಮಾಡುತ್ತಾರೆ. ಮಗು ತನ್ನ ಭಾಷೆಯಲ್ಲಿ ಬರೆದದ್ದು ಏನು ಎಂದು ಓದಿ ಹೇಳುವವರೂ ಅವರೇ. ನಾವು ಭಾನುವಾರ ಮಧ್ಯಾಹ್ನ ಅದಕ್ಕೆಂದೇ ಎರಡು ತಾಸು ಇಟ್ಟಿದ್ದೆವು.

ಆ ಹುಡುಗಿಯ ಶಿಕ್ಷಕರು ಬಂದು ಕೂತರು. ಜೋರು ಮಾತಿನವರಲ್ಲ. ಉತ್ತರಪತ್ರಿಕೆಯ ಕೊನೆಯ ಸಾಲನ್ನು ಬೆರಳಿಟ್ಟು ತೋರಿಸಿದರು. ಅವಳು ಹೀಗೆ ಬರೆದಿದ್ದಳು: ‘ನನ್ನ ಉತ್ತರ ಒಂದಕ್ಕಿಂತ ಕಡಿಮೆ ಬಂದಿದೆ. ಆದರೆ ಕಾಳು ನೀರಿನಲ್ಲಿ ಮುಳುಗಿವೆ. ಆದ್ದರಿಂದ ನನ್ನ ಪಟ್ಟಿ ಅಥವಾ ನಾಣ್ಯದಲ್ಲಿ ಏನೋ ಹೆಚ್ಚುಕಡಿಮೆ ಇದೆ.’ ನೀರಿನ ಸಾಂದ್ರತೆ 1. ಅದಕ್ಕಿಂತ ಕಡಿಮೆ ಇದ್ದಿದ್ದರೆ ಕಾಳು ತೇಲಬೇಕಿತ್ತು.

ನಾನು ಎದ್ದು ಹೋಗಿ ಅವಳ ಪೊಟ್ಟಣದ ನಾಣ್ಯವನ್ನು ಪ್ರಯೋಗಾಲಯದ ತಕ್ಕಡಿಯ ಮೇಲೆ ಇಟ್ಟೆ. 9 ಗ್ರಾಂ. 6ರ ಜಾಗದಲ್ಲಿ 9 ಹಾಕಿ ಲೆಕ್ಕ ಮಾಡಿದರೆ ಅವಳ ಉತ್ತರ ನೇರ 1.3ಕ್ಕೆ ಬಂದು ನಿಲ್ಲುತ್ತದೆ. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಪೂರ್ತಿ ಅಂಕ ಕೊಟ್ಟೆವು. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಹುಡುಗಿಯ ಹತ್ತಿರ ಹೋಗಿ, ತಪ್ಪು ನಿನ್ನದಲ್ಲ, ನನ್ನದು ಎಂದು ಹೇಳಿದೆ. ಅವಳು ಅಂಕ ಎಷ್ಟು ಎಂದು ಕೇಳಲಿಲ್ಲ. ನಾಣ್ಯ ಎಷ್ಟು ತೂಗಿತು ಎಂದು ಕೇಳಿದಳು.

ಅಂಕದ ಚರ್ಚೆಗೆ ಎರಡು ತಾಸು ವೇಸ್ಟ್ ಎಂದು ಅದೇ ಬೆಳಿಗ್ಗೆ ಒಬ್ಬರು ಹೇಳಿದ್ದರು. ಮರುವರ್ಷದಿಂದ ಅವರೇ ಅದನ್ನು ನಡೆಸಿಕೊಡುತ್ತಿದ್ದಾರೆ. ನಾಣ್ಯದ ಬದಲು ಈಗ ಒಂದೊಂದನ್ನೂ ತೂಗಿ ನೋಡಿದ ವಾಷರ್ ಕೊಡುತ್ತೇವೆ.

ಬಹುಮಾನದ ಬಗ್ಗೆಯೂ ಗದಗಿನವರು ಕೇಳಿದ್ದರು. ಒಲಿಂಪಿಯಾಡಿನಲ್ಲಿ ಭಾಗವಹಿಸಿದವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಪದಕ ಸಿಗುತ್ತದೆ. ಮೇಲಿನ 8 ಶೇಕಡ ಚಿನ್ನ, 25 ಶೇಕಡದವರೆಗೆ ಬೆಳ್ಳಿ, 50ರವರೆಗೆ ಕಂಚು. ನಾವೂ 24ರಲ್ಲಿ 12 ಮಕ್ಕಳಿಗೆ ಕೊಡುತ್ತೇವೆ. ಇಷ್ಟು ಜನಕ್ಕೆ ಕೊಟ್ಟರೆ ಬೆಲೆ ಎಲ್ಲಿ ಉಳಿಯಿತು ಎಂದು ಕೆಲವರು ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ಗದಗಿನಿಂದ ಖಾಲಿ ಕೈಯಲ್ಲಿ ಬಸ್ಸು ಹತ್ತಿದವಳು ನಾನು.

ಖರ್ಚಿನ ಮಾತು ಸಣ್ಣದು. ಅಲ್ಲಿ ಪ್ರಯಾಣದ ಖರ್ಚು ಬರುವ ದೇಶದ್ದು, ಊಟ ವಸತಿ ಕರೆದ ದೇಶದ್ದು. ಇಲ್ಲೂ ಬಸ್ ಚಾರ್ಜು ಶಾಲೆಯದು, ಊಟ ನಮ್ಮದು. ಜೋಳ ಊರಿನಿಂದ ಅಣ್ಣ ಕಳಿಸುತ್ತಾನೆ.

ಈ ವರ್ಷದ ಪ್ರಯೋಗ ಒದ್ದೆ ಬಟ್ಟೆ ಸುತ್ತಿದ ಗ್ಲಾಸಿನ ನೀರು ಎಷ್ಟು ಬೇಗ ತಣ್ಣಗಾಗುತ್ತದೆ ಎಂಬುದರ ಬಗ್ಗೆ. ಒಂದು ಪದ ಈಗಾಗಲೇ ತೊಡಕಾಗಿದೆ. ನಮ್ಮಲ್ಲಿ ಬಟ್ಟೆಯೂ ಆರುತ್ತದೆ, ಚಹಾನೂ ಆರುತ್ತದೆ. ಪ್ರಶ್ನೆಯಲ್ಲಿ ‘ಆರು’ ಎಂದು ಬರೆದರೆ ಮಕ್ಕಳಿಗೆ ಸಲೀಸು, ಆದರೆ ಯಾವ ಆರುವುದು? ‘ಆವಿಯಾಗು’ ಎಂದರೆ ಅರ್ಧ ಉತ್ತರವನ್ನೇ ಹೇಳಿಕೊಟ್ಟ ಹಾಗಾಗುತ್ತದೆ. ಬರುವ ಶನಿವಾರ ರಾತ್ರಿ ಇದರ ಮೇಲೇ ಕೂರುತ್ತೇವೆ.

ಗದಗಿನ ಶಿಕ್ಷಕರಿಗೂ ಬನ್ನಿ ಎಂದಿದ್ದೇನೆ. ಒಲಿಂಪಿಯಾಡಿನಲ್ಲಿ ವೀಕ್ಷಕರು ಎಂದು ಒಂದು ವ್ಯವಸ್ಥೆ ಇದೆ, ಅದನ್ನೂ ತಂದುಕೊಂಡಿದ್ದೇವೆ. ಅವರಿಗೆ ಮತ ಇರುವುದಿಲ್ಲ. ಫೋನ್ ಮಾತ್ರ ಅವರೂ ಡಬ್ಬಿಗೆ ಹಾಕಬೇಕು.