ತರ್ಕದ ಮೇಷ್ಟ್ರು ಮತ್ತು ಧರ್ಮಾಂಬುಧಿ ಕೆರೆ

ಮರೆಯಲಾಗದ ಪಾಠದ ಬಗ್ಗೆ ಬರೆಯಿರಿ ಎಂದು ಸಂಪಾದಕರು ಕೇಳಿದ್ದಾರೆ. ಪಾಠಗಳು ಬಹುತೇಕ ಮರೆತಿವೆ. ಒಂದು ಜಗಳ ಮಾತ್ರ ನೆನಪಿದೆ.

ಎಂಬತ್ತರ ದಶಕ. ಪಾವಗಡದ ಕಡೆಯಿಂದ ಬಂದ ನನಗೆ ಮೆಜೆಸ್ಟಿಕ್ ಹತ್ತಿರದ ಉಚಿತ ಹಾಸ್ಟೆಲಿನಲ್ಲಿ ಊಟ, ವಸತಿ, ಅಲ್ಲಿಂದ ಬಿ.ಟಿ.ಎಸ್. ಬಸ್ಸಿನಲ್ಲಿ ಬಸವನಗುಡಿಯ ನಮ್ಮ ಕಾಲೇಜು. ತರ್ಕಶಾಸ್ತ್ರದ ಮೇಷ್ಟ್ರು ಸಿಲಬಸ್ಸಿನಲ್ಲಿ ಇಲ್ಲದ್ದನ್ನೇ ಹೆಚ್ಚು ಹೇಳುತ್ತಿದ್ದರು. ಒಂದು ದಿನ ಪೀಟರ್ ಸಿಂಗರ್ ಎಂಬ ಆಸ್ಟ್ರೇಲಿಯಾದ ತತ್ವಜ್ಞಾನಿಯ ವಾದ ಎತ್ತಿದರು. 1971ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರು ಲಕ್ಷಗಟ್ಟಲೆ ನಮ್ಮ ದೇಶಕ್ಕೆ ಬಂದಾಗ ಬರೆದು, 1972ರಲ್ಲಿ ಅಚ್ಚಾದ ಲೇಖನದ್ದು. ಆಳವಿಲ್ಲದ ಹೊಂಡದಲ್ಲಿ ಮಗು ಮುಳುಗುತ್ತಿದೆ. ಇಳಿದರೆ ನಿಮ್ಮ ಬಟ್ಟೆ ಕೆಸರಾಗುತ್ತದೆ, ಅಷ್ಟೆ. ಇಳಿಯದಿದ್ದರೆ ತಪ್ಪು ತಾನೆ? ಹಾಗಾದರೆ ಎಲ್ಲೋ ದೂರದಲ್ಲಿ ಹಸಿದು ಸಾಯುವ ಮಗುವಿಗೆ ಏನೂ ಕೊಡದಿರುವುದೂ ತಪ್ಪೇ.

ಹಿಂದಿನ ಬೆಂಚಿನ ಗೆಳೆಯ ಎದ್ದ. “ಸಾರ್, ಮೆಜೆಸ್ಟಿಕ್‌ನಲ್ಲಿ ಧರ್ಮಾಂಬುಧಿ ಕೆರೇನೇ ಮುಚ್ಚಿ ಬಸ್ ಸ್ಟ್ಯಾಂಡ್ ಮಾಡವ್ರೆ. ಮುಳುಗೋಕೆ ನೀರೆಲ್ಲೈತೆ?” ನಗು ನಿಂತ ಮೇಲೆ ಅವನೇ ಮುಂದುವರಿಸಿದ: “ಆ ಸ್ಟ್ಯಾಂಡಲ್ಲಿ ರಾತ್ರಿ ಮಲಗೋ ಮಕ್ಳು ಎಷ್ಟವ್ರೆ ಸಾರ್! ಎಲ್ರನ್ನೂ ಎತ್ತೋಕೆ ಹೋದ್ರೆ ನಾವೇ ಮುಳುಗ್ತೀವಿ.”

“ಎಲ್ಲರನ್ನೂ ಎತ್ತು ಅಂತ ಯಾರಯ್ಯ ಹೇಳಿದ್ದು? ಆ ನೆಪದಲ್ಲಿ ಒಬ್ಬನನ್ನೂ ಎತ್ತಲ್ಲ ಅಂತೀಯಲ್ಲ, ಅದಕ್ಕೆ ನನ್ನ ತಕರಾರು. ಕೂತ್ಕೋ.”

ಪರೀಕ್ಷಾ ಶುಲ್ಕ ಕಟ್ಟುವ ದಿನ ಆಫೀಸಿನ ಗುಮಾಸ್ತರು ನನ್ನನ್ನು ಕರೆದು, “ರಸೀದಿ ಬಿಟ್ಟು ಹೋಗಿದೀಯಲ್ಲಪ್ಪ” ಎಂದು ಗದರಿಸಿಯೇ ಕೈಗೆ ಕೊಟ್ಟರು. ನಾನು ಕಟ್ಟಿರಲೇ ಇಲ್ಲ. ಯಾರು ಕಟ್ಟಿದರೆಂದು ಇವತ್ತಿಗೂ ತಿಳಿಯದು, ಮೇಷ್ಟ್ರ ಮೇಲೆ ಅನುಮಾನವಿದೆ. ಅದೇ ವರ್ಷ ಒಂದು ಸಂಘದವರು ನಮ್ಮನ್ನು ವೇದಿಕೆಗೆ ಹತ್ತಿಸಿ, ಅಪ್ಪನ ಕಸುಬನ್ನು ಮೈಕಿನಲ್ಲಿ ಓದಿ, ನೋಟ್‌ಬುಕ್ ಹಂಚಿ ಫೋಟೊ ತೆಗೆಸಿದರು. ಪುಸ್ತಕ ಬೇಕಿತ್ತು, ತಗೊಂಡೆ. ಕೊಡುವುದು ಕರ್ತವ್ಯವಾದರೆ ಪಡೆಯುವವನು ಯಾಕೆ ಕೈಮುಗಿದು ನಿಲ್ಲಬೇಕು? ಸಾಲ ತೀರಿಸಲು ಬಂದವನಿಗೆ ಯಾರೂ ಹಾರ ಹಾಕುವುದಿಲ್ಲ.

ಮುಂದೆ ನಾನು ಕಂಪನಿಯೊಂದರ ಲೆಕ್ಕಪತ್ರ ವಿಭಾಗಕ್ಕೆ ಸೇರಿದೆ. 2013ರ ಕಂಪನಿ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್‌ನಿಂದ ಜಾರಿಗೆ ಬಂತು: ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಮಾರ್ಚ್ ಬಂತೆಂದರೆ ಎಲ್ಲಿ ಖರ್ಚು ಹಾಕುವುದೆಂಬ ಓಡಾಟ. ಕೆಲಸಕ್ಕಿಂತ ಮೊದಲು ಬ್ಯಾನರ್ ತಯಾರು. ಆದರೂ ಅದೇ ದುಡ್ಡಿನಲ್ಲಿ ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ಶೌಚಾಲಯ ಆದದ್ದನ್ನು ನೋಡಿದ್ದೇನೆ. ಕಾನೂನಿಗೆ ಹೆದರಿ ಕೊಟ್ಟರೂ ನಲ್ಲಿಯಲ್ಲಿ ನೀರು ಬರುತ್ತದೆ.

ಮೇಷ್ಟ್ರ ಒಂದು ಮಾತು ಮಾತ್ರ ನಾನು ಒಪ್ಪಿಲ್ಲ. ಹತ್ತಿರ, ದೂರ ಎಂಬ ಭೇದವೇ ಇಲ್ಲ ಎನ್ನುತ್ತಿದ್ದರು. ನನಗೆ ಅನ್ನ ಹಾಕಿದ್ದು ಈ ಊರು. ಪೇಟೆಯಲ್ಲಿ ವ್ಯಾಪಾರ ಮಾಡಿ ಗಳಿಸಿದ ಗುಬ್ಬಿ ತೋಟದಪ್ಪನವರು ಮಹಾರಾಜರ ಕಾಲದಲ್ಲೇ ರೈಲ್ವೆ ಸ್ಟೇಷನ್ ಹತ್ತಿರ ಛತ್ರ ಕಟ್ಟಿಸಿದರು, ಬಡ ವಿದ್ಯಾರ್ಥಿಗಳಿಗೆ ಹಾಸ್ಟೆಲ್ ಮಾಡಿದರು. ಅಂಥವರ ಊರಲ್ಲಿ ಉಂಡವನ ಬಾಕಿ ಮೊದಲು ಇಲ್ಲೇ ತೀರಬೇಕು.

ಧರ್ಮಾಂಬುಧಿಯ ಗೆಳೆಯ ಈಗ ನಿವೃತ್ತ ಅಧಿಕಾರಿ. “ತೆರಿಗೆ ಕಟ್ಟಿದೀನಲ್ಲೋ, ಉಳಿದದ್ದು ಸರ್ಕಾರದ ಕೆಲಸ” ಎನ್ನುತ್ತಾನೆ. ಗಾಂಧಿ ಬಜಾರಿನಲ್ಲಿ ದೋಸೆ ತಿನ್ನುತ್ತಾ ಇದೇ ಜಗಳ. ಕಾಲೇಜಿನ ಶುಲ್ಕ ನಿಧಿಗೆ ಅವನಿಂದ ಇನ್ನೂ ಚೆಕ್ ಬಂದಿಲ್ಲ. ಈ ಸಂಚಿಕೆಯನ್ನು ಅವನಿಗೂ ಕಳಿಸಿ ಎಂದು ಸಂಪಾದಕರಿಗೆ ಹೇಳಿದ್ದೇನೆ.